ಗಣಕ ಪ್ರಶ್ನೋತ್ತರ: ಆಫೀಸ್ ತಂತ್ರಾಂಶದ ಆಯ್ಕೆ ಮತ್ತು ಅಳವಡಿಕೆ

ಮನೆಯ ಅಥವಾ ಸಣ್ಣ ಸಂಸ್ಥೆಯ ಕಂಪ್ಯೂಟರಿಗೆ ಯಾವ ಆಫೀಸ್ ತಂತ್ರಾಂಶ ಹಾಕಿಕೊಳ್ಳಬೇಕು, ಅದನ್ನು ಎಲ್ಲಿಂದ ತಂದುಕೊಳ್ಳಬೇಕು ಎಂದು ಕೇಳಿದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಹೊಸ ಲ್ಯಾಪ್‌ಟಾಪ್ ಕೊಂಡು ಒಂದು ತಿಂಗಳಾಯಿತು. ಅದರಲ್ಲಿದ್ದ ವರ್ಡ್ ಮತ್ತು ಎಕ್ಸೆಲ್ ಈಗ ಕಡತಗಳನ್ನು ತೆರೆದು ತೋರಿಸುತ್ತವೆಯೇ ಹೊರತು ತಿದ್ದಲು ಬಿಡುತ್ತಿಲ್ಲ. ಪರಿಚಯದ ಅಂಗಡಿಯವರು ಐದುನೂರು ರೂಪಾಯಿಗೆ ‘ಫುಲ್ ವರ್ಷನ್’ ಹಾಕಿಕೊಡುತ್ತೇನೆ ಎನ್ನುತ್ತಿದ್ದಾರೆ. ಹಾಕಿಸಬಹುದೇ?
— ಪ್ರೌಢಶಾಲಾ ಶಿಕ್ಷಕಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ದಯವಿಟ್ಟು ಹಾಕಿಸಬೇಡಿ. ಆ ಐದುನೂರು ರೂಪಾಯಿಯಲ್ಲಿ ಒಂದು ಪೈಸೆಯೂ ತಂತ್ರಾಂಶ ತಯಾರಿಸಿದವರಿಗೆ ಹೋಗುವುದಿಲ್ಲ. ಪೆನ್‌ಡ್ರೈವ್‌ನಲ್ಲಿರುವ ಬೀಗಮುರಿಯುವ ಪ್ರೋಗ್ರಾಂ ಒಂದನ್ನು ನಿಮ್ಮ ಯಂತ್ರದಲ್ಲಿ ಓಡಿಸುವುದಕ್ಕೆ ನೀವು ಕೊಡುವ ಕೂಲಿ ಅದು. ಅಂಥ ಪ್ರೋಗ್ರಾಂ ಕೆಲಸ ಮಾಡಬೇಕಾದರೆ ವಿಂಡೋಸ್‌ನ ಕಾವಲುಗಾರನನ್ನು, ಅಂದರೆ ಡಿಫೆಂಡರ್ ಎಂಬ ವೈರಸ್‌ನಿರೋಧಕವನ್ನು, ಮೊದಲು ಮಲಗಿಸಬೇಕಾಗುತ್ತದೆ. ಕೇಶ್ವಾಪುರದ ಬಂಧುಗಳೊಬ್ಬರ ಮನೆಯಲ್ಲಿ ಹೀಗೆ ‘ಫುಲ್ ವರ್ಷನ್’ ಹಾಕಿಸಿದ ಯಂತ್ರವೊಂದನ್ನು ನಾನೇ ಕುಳಿತು ಪರಿಶೀಲಿಸಿದ್ದೇನೆ. ಪರದೆಯ ಕೆಳಗಿನ ಮೂಲೆಯಲ್ಲಿದ್ದ ಗುರಾಣಿಯ ಚಿತ್ರ ಹಸಿರಾಗಿಯೇ ಇತ್ತು. ಆದರೆ ವಿಂಡೋಸ್ ಸೆಕ್ಯೂರಿಟಿಯೊಳಗೆ ಹೋಗಿ ‘ಎಕ್ಸ್‌ಕ್ಲೂಷನ್ಸ್’ ಎಂಬ ಪಟ್ಟಿಯನ್ನು ತೆರೆದರೆ, ಸಿ ಡ್ರೈವ್ ಇಡಿಯಾಗಿ ಅಲ್ಲಿ ಕುಳಿತಿತ್ತು. ಅಂದರೆ ಕಾವಲುಗಾರ ಬಾಗಿಲಲ್ಲೇ ನಿಂತಿದ್ದರೂ, ಮನೆಯೊಳಗೆ ಏನೇ ನಡೆದರೂ ನೋಡಬೇಡ ಎಂದು ಅವನಿಗೆ ಹೇಳಿಟ್ಟಿದ್ದರು. ಅದೇ ಯಂತ್ರದಿಂದ ಆ ಮನೆಯವರು ಬ್ಯಾಂಕಿನ ವ್ಯವಹಾರವನ್ನೂ ಮಾಡುತ್ತಿದ್ದರು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಕ್ಕಳ ಅಂಕಪಟ್ಟಿ, ಅವರ ಪಾಲಕರ ಮೊಬೈಲ್ ಸಂಖ್ಯೆಗಳು ಇರುತ್ತವೆ ಎಂಬುದನ್ನು ನೆನೆದರೆ ನನಗೆ ಹೆಚ್ಚು ಕಳವಳವಾಗುತ್ತದೆ.

ಇದರ ಜೊತೆಗೆ ಕಾನೂನಿನ ಮಾತೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಕಳ್ಳಪ್ರತಿಯೆಂದು ತಿಳಿದೂ ಅದನ್ನು ಕಂಪ್ಯೂಟರಿನಲ್ಲಿ ಬಳಸುವುದು ಅಪರಾಧ. ಅದಕ್ಕೆ 7 ದಿನಗಳಿಗೆ ಕಡಿಮೆಯಿಲ್ಲದಂತೆ 3 ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸದಿದ್ದ ಪಕ್ಷದಲ್ಲಿ ಸೆರೆವಾಸವನ್ನು ಬಿಟ್ಟು ದಂಡವನ್ನಷ್ಟೇ ವಿಧಿಸುವ ಅವಕಾಶ ನ್ಯಾಯಾಲಯಕ್ಕೆ ಇದೆಯಾದರೂ, ಅಪರಾಧ ಅಪರಾಧವೇ.

ಹಣ ಕೊಡುವ ಮುನ್ನ ನಿಮ್ಮ ಲ್ಯಾಪ್‌ಟಾಪಿನ ಬಿಲ್ಲು ಮತ್ತು ಪೆಟ್ಟಿಗೆಯನ್ನು ಒಮ್ಮೆ ತೆಗೆದು ನೋಡಿ. ಅವುಗಳ ಮೇಲೆ ‘ಆಫೀಸ್ ಹೋಮ್ ಆ್ಯಂಡ್ ಸ್ಟೂಡೆಂಟ್ 2021’ ಅಥವಾ ‘ಆಫೀಸ್ ಹೋಮ್ 2024’ ಎಂದು ಬರೆದಿದ್ದರೆ, ಆ ಯಂತ್ರ ಇರುವವರೆಗೂ ಬಳಸುವ ಹಕ್ಕನ್ನು ನೀವು ಲ್ಯಾಪ್‌ಟಾಪಿನ ಬೆಲೆಯಲ್ಲೇ ಕೊಂಡಾಗಿದೆ ಎಂದರ್ಥ. ಮೈಕ್ರೋಸಾಫ್ಟ್ ಖಾತೆಯೊಂದರಿಂದ ಒಳಹೊಕ್ಕು ಅದನ್ನು ಸಕ್ರಿಯಗೊಳಿಸುವುದಷ್ಟೇ ಬಾಕಿ. ಆ ಖಾತೆ ನಿಮ್ಮದೇ ಆಗಿರಲಿ. ಅಂಗಡಿಯ ಹುಡುಗರು ಅವಸರದಲ್ಲಿ ತಮ್ಮ ಇಮೇಲ್ ಹಾಕಿ ಸಕ್ರಿಯಗೊಳಿಸಿಬಿಟ್ಟರೆ ಪರವಾನಗಿ ಅವರ ಖಾತೆಗೆ ಅಂಟಿಕೊಳ್ಳುತ್ತದೆ, ಮುಂದೆ ವಿಂಡೋಸ್ ಹೊಸದಾಗಿ ಹಾಕಬೇಕಾಗಿ ಬಂದಾಗ ನೀವು ಅವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಪೆಟ್ಟಿಗೆಯ ಮೇಲೆ ಹಾಗೇನೂ ಬರೆದಿಲ್ಲವೆಂದಾದರೆ ನಿಮಗೆ ಸಿಕ್ಕಿದ್ದು ಮೈಕ್ರೋಸಾಫ್ಟ್ 365ರ ಒಂದು ತಿಂಗಳ ಪರೀಕ್ಷಾರ್ಥ ಬಳಕೆ, ಅದು ಮುಗಿದಿದೆ.

ಹಾಗಿದ್ದಲ್ಲಿ ನಿಮ್ಮ ಮುಂದೆ ಮೂರು ನೇರ ದಾರಿಗಳಿವೆ. ವರ್ಷವರ್ಷ ಚಂದಾ ಕಟ್ಟುವುದಾದರೆ 365, ಒಂದೇ ಸಲ ಹಣ ಕೊಟ್ಟು ಮುಗಿಸುವುದಾದರೆ ಆಫೀಸ್ 2024. ಎರಡನೆಯದಕ್ಕೆ 2029ರ ಅಕ್ಟೋಬರ್‌ವರೆಗೆ ಸುರಕ್ಷತಾ ತಿದ್ದುಪಡಿಗಳು ಬರುತ್ತವೆ. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಪಾಠಟಿಪ್ಪಣಿ ಇವಿಷ್ಟೇ ನಿಮ್ಮ ಕೆಲಸವಾದರೆ ಹಣ ಖರ್ಚು ಮಾಡಬೇಕಾಗಿಯೇ ಇಲ್ಲ. ಮುಂದಿನ ಉತ್ತರದಲ್ಲಿ ಹೇಳಿರುವ ಲಿಬ್ರೆಆಫೀಸ್ ನಿಮಗೆ ಸಾಕು. ಅಂತರ್ಜಾಲದಲ್ಲಿ ಮುನ್ನೂರು, ನಾನೂರು ರೂಪಾಯಿಗೆ ಮಾರಾಟಕ್ಕಿರುವ ‘ಜೀವಮಾನದ ಕೀ’ಗಳನ್ನು ಮಾತ್ರ ದಾರಿಯೆಂದು ಎಣಿಸಬೇಡಿ. ಯಾವುದೋ ಸಂಸ್ಥೆಗೆ ಸಗಟಾಗಿ ಕೊಟ್ಟ ಪರವಾನಗಿಯನ್ನು ಬಿಡಿಬಿಡಿಯಾಗಿ ಮಾರುವ ವ್ಯವಹಾರ ಅದರಲ್ಲಿ ಬಹಳ, ಅದು ಯಾವ ದಿನ ಬೇಕಾದರೂ ರದ್ದಾಗಬಹುದು.

ಪ್ರಶ್ನೆ: ನಮ್ಮ ಸೊಸೈಟಿಯಲ್ಲಿ ಮೂರು ಹಳೆಯ ಕಂಪ್ಯೂಟರುಗಳಿವೆ, ಆಫೀಸ್ 2010 ಇದೆ. ಹೊಸದನ್ನು ಕೊಳ್ಳಲು ಆಡಳಿತ ಮಂಡಳಿ ಒಪ್ಪುತ್ತಿಲ್ಲ. ಓಪನ್‌ಆಫೀಸ್ ಮತ್ತು ಲಿಬ್ರೆಆಫೀಸ್ ಎರಡೂ ಉಚಿತವೆಂದು ಕೇಳಿದ್ದೇನೆ. ಯಾವುದು ಒಳ್ಳೆಯದು?
— ಪ್ರಾಥಮಿಕ ಕೃಷಿ ಸಹಕಾರ ಸಂಘದ ಕಾರ್ಯದರ್ಶಿ, ಗದಗ ತಾಲೂಕು

ಉತ್ತರ: ಲಿಬ್ರೆಆಫೀಸ್. ಇದನ್ನು ಹಿಂದೆಮುಂದೆ ನೋಡದೆ ಹೇಳಬಲ್ಲೆ. ಏಕೆಂಬುದನ್ನು ನಿಮ್ಮ ಮಂಡಳಿಯ ಮುಂದೆ ಇಡುವುದಕ್ಕೆ ಸ್ವಲ್ಪ ಹಿನ್ನೆಲೆ ಬೇಕಾಗಬಹುದು.

ಎರಡೂ ಒಂದೇ ತಾಯಿಯ ಮಕ್ಕಳು. ಜರ್ಮನಿಯಲ್ಲಿ ಹುಟ್ಟಿದ ಸ್ಟಾರ್‌ಆಫೀಸ್ ಎಂಬ ತಂತ್ರಾಂಶವನ್ನು 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಕೊಂಡು, ಮರುವರ್ಷ ಅದರ ಮೂಲಸಂಕೇತವನ್ನು ಎಲ್ಲರಿಗೂ ತೆರೆದಿಟ್ಟಿತು. ಅದೇ ಓಪನ್‌ಆಫೀಸ್ ಆಯಿತು. 2010ರಲ್ಲಿ ಸನ್ ಕಂಪನಿ ಒರ‍್ಯಾಕಲ್‌ನ ಕೈಸೇರಿದಾಗ, ಇದರ ಮುಂದಿನ ಗತಿಯೇನು ಎಂದು ಆತಂಕಗೊಂಡ ಅಭಿವೃದ್ಧಿಕಾರರಲ್ಲಿ ಬಹುಮಂದಿ ಅದೇ ಸೆಪ್ಟೆಂಬರಿನಲ್ಲಿ ಡಾಕ್ಯುಮೆಂಟ್ ಫೌಂಡೇಷನ್ ಎಂಬ ಲಾಭರಹಿತ ಸಂಸ್ಥೆಯನ್ನು ಕಟ್ಟಿಕೊಂಡು, ಲಿಬ್ರೆಆಫೀಸ್ ಎಂಬ ಹೆಸರಿನಲ್ಲಿ ಕೆಲಸ ಮುಂದುವರಿಸಿದರು. ಸದಸ್ಯರೇ ಸೇರಿ ನಡೆಸುವ ಸಂಸ್ಥೆ ಎಂದರೆ ಏನೆಂಬುದನ್ನು 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡಿನವರಾದ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಓಪನ್‌ಆಫೀಸ್ ಎಂಬ ಹೆಸರು 2011ರಲ್ಲಿ ಅಪಾಚೆ ಸಂಸ್ಥೆಗೆ ಹೋಯಿತು. ಅದರ 4.1 ಆವೃತ್ತಿ ಬಂದದ್ದು 2014ರಲ್ಲಿ. ಅಲ್ಲಿಂದೀಚೆಗೆ ಸಣ್ಣಪುಟ್ಟ ತಿದ್ದುಪಡಿಗಳನ್ನು ಬಿಟ್ಟರೆ ಹೇಳಿಕೊಳ್ಳುವಂಥ ಬೆಳವಣಿಗೆಯಾಗಿಲ್ಲ. ಈಗಿನ ವರ್ಡ್‌ನ ಡಾಕ್ಸ್ ಕಡತವನ್ನು ಅದು ತೆರೆಯುತ್ತದೆ, ಆದರೆ ಅದೇ ರೂಪದಲ್ಲಿ ಉಳಿಸಿಕೊಡುವುದಿಲ್ಲ. ಜಿಲ್ಲಾ ಬ್ಯಾಂಕಿಗೂ ಲೆಕ್ಕ ಪರಿಶೋಧಕರಿಗೂ ದಿನಾ ಕಡತ ಕಳಿಸುವ ಸಂಘಕ್ಕೆ ಈ ಒಂದೇ ಕೊರತೆ ಸಾಕು.

ಲಿಬ್ರೆಆಫೀಸ್‌ನ ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ ಬರುತ್ತದೆ. 2024ರಿಂದ ಅದಕ್ಕೆ ವರ್ಷ ಮತ್ತು ತಿಂಗಳಿನ ಅಂಕಿಯನ್ನೇ ಹೆಸರಾಗಿಡುತ್ತಾರೆ: 24.8 ಎಂದರೆ 2024ರ ಆಗಸ್ಟ್‌ನದು. ತಾಣದಲ್ಲಿ ಹೊಚ್ಚಹೊಸತರ ಜೊತೆಗೆ ಅದರ ಹಿಂದಿನ, ಹೆಚ್ಚು ಪಳಗಿದ ಆವೃತ್ತಿಯೂ ಇದ್ದರೆ ಸಂಘದ ಕೆಲಸಕ್ಕೆ ಪಳಗಿದ್ದನ್ನೇ ಆರಿಸಿಕೊಳ್ಳಿ. ಮೂರು ಯಂತ್ರಗಳಿಗೂ ಹಾಕಿಕೊಳ್ಳಬಹುದು, ಪರವಾನಗಿಯ ಲೆಕ್ಕವಿಲ್ಲ.

ಮೂರಕ್ಕೂ ಹಾಕುವುದಕ್ಕೆ ಮುಂಚೆ ಒಂದರಲ್ಲಿ ಹಾಕಿ ಪರೀಕ್ಷೆ ಮಾಡಿ. ನಿಮ್ಮ ಜಮಾಖರ್ಚಿನ ದೊಡ್ಡ ಎಕ್ಸೆಲ್ ಹಾಳೆ, ಸದಸ್ಯರಿಗೆ ಕಳಿಸುವ ನೋಟಿಸು, ಠರಾವಿನ ಪ್ರತಿ, ಈ ಮೂರನ್ನು ಆ ಯಂತ್ರದಲ್ಲಿ ತೆರೆದು, ಮುದ್ರಿಸಿ, ಹಳೆಯ ಮುದ್ರಣದ ಪಕ್ಕಕ್ಕಿಟ್ಟು ನೋಡಿ. ಮೊತ್ತಗಳು ಕೂಡುತ್ತವೆಯೇ, ಪುಟ ಒಡೆಯುವ ಜಾಗ ಬದಲಾಗಿದೆಯೇ, ಕೋಷ್ಟಕದ ಗೆರೆಗಳು ನೆಟ್ಟಗಿವೆಯೇ? ಎಕ್ಸೆಲ್‌ನಲ್ಲಿ ಯಾರಾದರೂ ಮ್ಯಾಕ್ರೋ, ಅಂದರೆ ಕಡತದೊಳಗೇ ಇದ್ದು ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ, ಬರೆದುಕೊಟ್ಟಿದ್ದರೆ ಅವುಗಳಲ್ಲಿ ಕೆಲವು ಇಲ್ಲಿ ಓಡದಿರಬಹುದು. ಅಂಥ ಹಾಳೆ ಇದ್ದರೆ ಒಂದು ಯಂತ್ರಕ್ಕಾದರೂ ಅಸಲಿ ಎಕ್ಸೆಲ್ ಕೊಳ್ಳುವಂತೆ ಮಂಡಳಿಯನ್ನು ಕೇಳುವುದು ನ್ಯಾಯ. ಆಫೀಸ್ 2010ಕ್ಕೆ 2020ರ ಅಕ್ಟೋಬರಿನಲ್ಲೇ ಸುರಕ್ಷತಾ ತಿದ್ದುಪಡಿಗಳು ನಿಂತಿವೆ. ಆಫೀಸ್ 2016, 2019 ಮತ್ತು ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ನಿಮ್ಮ ಯಂತ್ರಗಳು ವಿಂಡೋಸ್ 11ಕ್ಕೆ ಏರಲಾರವಾದರೆ ವಿಂಡೋಸ್‌ನ ಬದಲಿಗೆ ಬಳಸಬಹುದಾದ ಉಚಿತ ಕಾರ್ಯಾಚರಣ ವ್ಯವಸ್ಥೆಯಾದ ಲಿನಕ್ಸ್ ಹಾಕಿಸುವುದನ್ನೂ ಯೋಚಿಸಿ. ಅದರ ಉಬುಂಟು ಎಂಬ ಬಗೆಯನ್ನು ಹಾಕುವಾಗ ‘ಎಕ್ಸ್‌ಟೆಂಡೆಡ್’ ಆಯ್ಕೆ ಮಾಡಿಕೊಂಡರೆ ಲಿಬ್ರೆಆಫೀಸ್ ಜೊತೆಗೇ ಬರುತ್ತದೆ.

ಪ್ರಶ್ನೆ: ಲಿಬ್ರೆಆಫೀಸ್ ಎಂದು ಹುಡುಕಿದರೆ ಹತ್ತಾರು ತಾಣಗಳು ಬರುತ್ತವೆ, ಪ್ರತಿಯೊಂದರಲ್ಲೂ ಎರಡು ಮೂರು ‘ಡೌನ್‌ಲೋಡ್’ ಗುಂಡಿಗಳಿರುತ್ತವೆ. ಸರಿಯಾದದ್ದನ್ನು ಗುರುತಿಸುವುದು ಹೇಗೆ?
— ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿ, ಸಪ್ತಾಪುರ, ಧಾರವಾಡ

ಉತ್ತರ: ಹುಡುಕಬೇಡಿ, ವಿಳಾಸವನ್ನೇ ಬೆರಳಚ್ಚಿಸಿ. ‘ಲಿಬ್ರೆಆಫೀಸ್ ಡಾಟ್ ಆರ್ಗ್’ ಎಂಬುದು ಅದರ ಸ್ವಂತ ಮನೆ. ಹುಡುಕಾಟದ ಫಲಿತಾಂಶದಲ್ಲಿ ಮೊಟ್ಟಮೊದಲು ಕಾಣುವ ಕೊಂಡಿ ಎಷ್ಟೋ ಸಲ ಹಣ ಕೊಟ್ಟು ಹಾಕಿಸಿದ ಜಾಹೀರಾತು. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆ ಮಾಡಿ ಅಸಲಿನಂತೆಯೇ ಕಾಣುವ ಪುಟ ಕಟ್ಟುವುದು ಮೋಸಗಾರರಿಗೆ ಕಷ್ಟದ ಕೆಲಸವಲ್ಲ. ಅಸಲಿ ತಾಣದಲ್ಲಿ ದೇಣಿಗೆ ಕೇಳುವ ಪುಟವೊಂದು ಎದುರಾಗುತ್ತದೆ. ಅದು ಐಚ್ಛಿಕ, ಹಣ ಕೊಡದಿದ್ದರೂ ಇಳಿಸಿಕೊಳ್ಳುವಿಕೆ ನಡೆಯುತ್ತದೆ.

ಇಳಿಸಿಕೊಳ್ಳುವ ಮೊದಲು ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂಬಲ್ಲಿಗೆ ಹೋಗಿ ನಿಮ್ಮ ವಿಂಡೋಸ್ 64 ಬಿಟ್‌ನದೇ ಎಂದು ನೋಡಿಕೊಳ್ಳಿ. ಈಚಿನ ಯಂತ್ರಗಳೆಲ್ಲ ಬಹುತೇಕ ಹಾಗೆಯೇ ಇರುತ್ತವೆ. ವಿಂಡೋಸ್‌ಗೆ ಬೇಕಾದ ಕಡತ ಎಂಎಸ್‌ಐ ಎಂದು ಕೊನೆಗೊಳ್ಳುತ್ತದೆ, ಗಾತ್ರ ಸುಮಾರು 350 ಎಂಬಿ. ಎರಡು ಮೂರು ಎಂಬಿಯ ಕಡತವೊಂದು ಬಂದು ‘ನಾನು ಉಳಿದದ್ದನ್ನು ತಂದುಕೊಡುತ್ತೇನೆ’ ಎಂದರೆ, ನೀವು ತಪ್ಪು ತಾಣದಲ್ಲಿದ್ದೀರಿ. ಪಿ.ಜಿ.ಯ ವೈಫೈ ನಡುವೆ ಕಡಿದುಹೋಗಿ ಕಡತ ಅರ್ಧಕ್ಕೆ ನಿಂತಿದ್ದರೆ ಅದನ್ನು ಅಳಿಸಿ ಮತ್ತೆ ಇಳಿಸಿಕೊಳ್ಳಿ.

ಕಡತ ಬಂದ ಮೇಲೆ ಎರಡು ನಿಮಿಷದ ಒಂದು ಪರೀಕ್ಷೆಯಿದೆ. ಅದನ್ನು ನೀವು ರೂಢಿ ಮಾಡಿಕೊಳ್ಳಬೇಕೆಂಬುದು ನನ್ನ ಮನಃಪೂರ್ವಕ ವಿನಂತಿ. ಕಡತದ ಮೇಲೆ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ ತೆರೆದು, ‘ಡಿಜಿಟಲ್ ಸಿಗ್ನೇಚರ್ಸ್’ ಎಂಬ ಹಾಳೆಯನ್ನು ನೋಡಿ. ಸಹಿ ಮಾಡಿದವರ ಹೆಸರಿನ ಜಾಗದಲ್ಲಿ ಡಾಕ್ಯುಮೆಂಟ್ ಫೌಂಡೇಷನ್ ಎಂದಿರಬೇಕು. ಆ ಹಾಳೆಯೇ ಇಲ್ಲದಿದ್ದರೆ, ಅಥವಾ ಬೇರೆ ಹೆಸರಿದ್ದರೆ, ಕಡತವನ್ನು ತೆರೆಯದೆ ಅಳಿಸಿಬಿಡಿ. ಇನ್ನೂ ಖಚಿತವಾಗಬೇಕೆಂದರೆ ತಾಣದಲ್ಲಿ ಪ್ರತಿ ಕಡತಕ್ಕೂ 64 ಅಂಕಿ-ಅಕ್ಷರಗಳ ಒಂದು ಬೆರಳಗುರುತನ್ನು ಪ್ರಕಟಿಸಿರುತ್ತಾರೆ. ಅದರ ಹೆಸರು ಎಸ್‌ಎಚ್‌ಎ-256. ಆದೇಶಗಳನ್ನು ಬೆರಳಚ್ಚಿಸಿ ಕೊಡುವ ವಿಂಡೋಸ್‌ನ ಪವರ್‌ಶೆಲ್ ಎಂಬ ಕಿಟಕಿಯಲ್ಲಿ ‘ಗೆಟ್-ಫೈಲ್‌ಹ್ಯಾಶ್’ ಎಂಬ ಆದೇಶ ನಿಮ್ಮ ಕಡತದ ಬೆರಳಗುರುತನ್ನು ತೆಗೆದುಕೊಡುತ್ತದೆ. ಎರಡನ್ನೂ ಹೋಲಿಸಿ ನೋಡಿ. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾಗಿದ್ದರೂ ಗುರುತು ಪೂರ್ತಿ ಬೇರೆಯಾಗಿಬಿಡುತ್ತದೆ.

ಅಳವಡಿಸುವಾಗ ‘ಟಿಪಿಕಲ್’ ಬದಲು ‘ಕಸ್ಟಮ್’ ಆರಿಸಿದರೆ ಬಳಕೆಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಸಿಗುತ್ತದೆ. ಮೆನುಗಳೆಲ್ಲ ಕನ್ನಡದಲ್ಲಿ ಬೇಕೆನ್ನುವವರು ಅಲ್ಲಿ ಗುರುತು ಹಾಕಬೇಕು. ವಿಂಡೋಸ್ ಅನುಮತಿ ಕೇಳುವ ಕಿಟಕಿ ಬಂದಾಗ ಅದರಲ್ಲಿರುವ ತಯಾರಕರ ಹೆಸರನ್ನು ಓದದೆ ‘ಎಸ್’ ಒತ್ತಬೇಡಿ. ಯಾವುದೇ ತಂತ್ರಾಂಶ ತನ್ನನ್ನು ಅಳವಡಿಸುವುದಕ್ಕೆ ವೈರಸ್‌ನಿರೋಧಕವನ್ನು ಸ್ಥಗಿತಗೊಳಿಸಲು ಹೇಳಿದರೆ ಅಲ್ಲಿಗೇ ನಿಲ್ಲಿಸಿ.

ಪ್ರಶ್ನೆ: ನಮ್ಮ ಮುದ್ರಣಾಲಯದಲ್ಲಿ ಹದಿನೈದು ವರ್ಷಗಳಿಂದ ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸಿದ ಕಡತಗಳಿವೆ. ಹೊಸ ಕಂಪ್ಯೂಟರಿಗೆ ಲಿಬ್ರೆಆಫೀಸ್ ಹಾಕಿದ ಮೇಲೆ ಅವೆಲ್ಲ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿವೆ. ತಂತ್ರಾಂಶವೇ ಸರಿಯಿಲ್ಲವೇ?
— ಡಿಟಿಪಿ ಕೆಲಸಗಾರ, ಬೆಟಗೇರಿ

ಉತ್ತರ: ತಂತ್ರಾಂಶ ಸರಿಯಾಗಿಯೇ ಇದೆ, ನಿಮ್ಮ ಕಡತಗಳೂ ಕೆಟ್ಟಿಲ್ಲ. ಗಾಬರಿಯಿಂದ ಏನನ್ನೂ ಅಳಿಸಬೇಡಿ.

ಹಳೆಯ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಕಾಲದಲ್ಲಿ ಕಂಪ್ಯೂಟರಿಗೆ ಕನ್ನಡವೆಂಬ ಲಿಪಿಯೇ ಗೊತ್ತಿರಲಿಲ್ಲ. ಆದ್ದರಿಂದ ರೋಮನ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಫಾಂಟ್ ತಯಾರಿಸುತ್ತಿದ್ದರು. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬೆರಳಚ್ಚಿಸಿದಾಗ ಕಡತದೊಳಗೆ ಉಳಿಯುವುದು ದೊಡ್ಡ ‘ಪಿ’, ಅದರ ಪಕ್ಕ ತಲೆಯ ಮೇಲೆ ಗೀರಿರುವ ‘ಎ’, ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ, ಹೀಗೆ. ಫಾಂಟ್ ಇದ್ದಾಗ ಅವು ಕನ್ನಡದ ವೇಷ ತೊಡುತ್ತವೆ, ಇಲ್ಲದಿದ್ದಾಗ ತಮ್ಮ ನಿಜರೂಪದಲ್ಲಿ ಕಾಣುತ್ತವೆ. ನಿಮ್ಮ ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲ, ಆಗಿರುವುದು ಇಷ್ಟೇ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವನ್ನು ಹೊಸ ಯಂತ್ರಕ್ಕೂ ಹಾಕಿಕೊಂಡರೆ ಕಡತಗಳು ಮತ್ತೆ ಓದಲು ಬರುತ್ತವೆ.

ಆದರೆ ಅಲ್ಲಿಗೇ ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಹದಿನೈದು ವರ್ಷಗಳ ಆ ಕಡತಗಳಲ್ಲಿ ‘ಗದಗ’ ಎಂದು ಹುಡುಕಿದರೆ ಕಂಪ್ಯೂಟರಿಗೆ ಒಂದೂ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸು ಎಂದರೆ ಜೋಡಿಸಲಾರದು, ಮೊಬೈಲಿಗೆ ಕಳಿಸಿದರೆ ಓದಲಾಗದು. ಕನ್ನಡಕ್ಕೆ ತನ್ನದೇ ಮನೆಗಳನ್ನು ಕೊಟ್ಟದ್ದು ಯೂನಿಕೋಡ್ ಎಂಬ, ಜಗತ್ತಿನ ಲಿಪಿಗಳಿಗೆಲ್ಲ ಸಾಮಾನ್ಯವಾದ ಅಕ್ಷರಸಂಕೇತ ವ್ಯವಸ್ಥೆ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಜಾಗ ಮೀಸಲಾಗಿತ್ತು. ಆದ್ದರಿಂದ ಇನ್ನು ಮುಂದಿನ ಬೆರಳಚ್ಚು ಯೂನಿಕೋಡ್‌ನಲ್ಲೇ ಆಗಲಿ. ನಿಮ್ಮ ಬೆರಳಿಗೆ ಕೂತ ಕೀಲಿಮಣೆಯ ವಿನ್ಯಾಸ ಬದಲಾಗಬೇಕಾಗಿಲ್ಲ, ನುಡಿಯೇ ಯೂನಿಕೋಡ್‌ನಲ್ಲೂ ಬರೆಯುತ್ತದೆ. ಹಳೆಯ ಕಡತಗಳನ್ನು ಆಸ್ಕಿ ಎಂದು ಕರೆಯುವ ಆ ರೋಮನ್ ಮನೆಗಳ ಪದ್ಧತಿಯಿಂದ ಯೂನಿಕೋಡ್‌ಗೆ ಪರಿವರ್ತಿಸುವ ಉಪಕರಣಗಳೂ ಇವೆ. ಪರಿವರ್ತಿಸುವಾಗ ಮೂಲವನ್ನು ಮುಟ್ಟದೆ ಪ್ರತಿಯ ಮೇಲೆ ಕೆಲಸ ಮಾಡಿ. ಅರ್ಕಾವತ್ತು ಮತ್ತು ಎರಡು ಒತ್ತಕ್ಷರಗಳಿರುವ ಪದಗಳನ್ನು ಕಣ್ಣಿಟ್ಟು ನೋಡಿ. ಕನ್ನಡದ ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಪರಿವರ್ತಕ ಕನ್ನಡದ ತುಣುಕುಗಳೆಂದೇ ತಿಳಿದು ಕೆಡಿಸುತ್ತದೆ, ಏಕೆಂದರೆ ಅದರ ಕಣ್ಣಿಗೆ ಎರಡೂ ಒಂದೇ. ಅಂಥ ಭಾಗಗಳನ್ನು ಬೇರೆಯಾಗಿ ತೆಗೆದಿಟ್ಟು ಆಮೇಲೆ ಸೇರಿಸಿ.

ನಿಮ್ಮ ಕಡೆಯ ಮುದ್ರಣಾಲಯಗಳಲ್ಲಿ ಪುಟ ಕಟ್ಟುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ ಇನ್ನೂ ಓಡುತ್ತಿದೆ ಎಂಬುದು ನನಗೆ ಗೊತ್ತು. 2001ರ 7.0 ಅದರ ಕೊನೆಯ ಮುಖ್ಯ ಆವೃತ್ತಿ, ಅದಕ್ಕೆ ಯೂನಿಕೋಡ್ ಕನ್ನಡ ಬಾರದು. ಕೂಡಲೇ ಅದನ್ನು ಬಿಡಿ ಎಂದು ಹೇಳಲಾರೆ, ಲಗ್ನಪತ್ರಿಕೆಯ ಸುಗ್ಗಿಯಲ್ಲಿ ಯಾರಿಗೂ ಅದು ಸಾಧ್ಯವಿಲ್ಲ. ಮೂಲ ಬರಹವನ್ನು ಯೂನಿಕೋಡ್‌ನಲ್ಲಿ ಇಟ್ಟುಕೊಂಡು, ಪುಟ ಕಟ್ಟುವಾಗ ಮಾತ್ರ ಆಸ್ಕಿಗೆ ಇಳಿಸಿಕೊಳ್ಳಿ. ಬಿಡುವಾದಾಗ ಪುಟ ಕಟ್ಟುವ ಉಚಿತ ತಂತ್ರಾಂಶವಾದ ಸ್ಕ್ರೈಬಸ್‌ನ 1.6 ಆವೃತ್ತಿಯನ್ನು ಪರೀಕ್ಷಿಸಿ ನೋಡಿ, ಅದು ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ.

ಲಿಬ್ರೆಆಫೀಸ್‌ನಲ್ಲಿ ಅಕ್ಷರದ ಗಾತ್ರ ಬದಲಿಸಿದರೂ ಕನ್ನಡ ಮಾತ್ರ ಬದಲಾಗುವುದಿಲ್ಲ ಎಂಬ ದೂರನ್ನೂ ನೀವು ಬರೆದಿದ್ದೀರಿ. ಅದು ಇಂಗ್ಲಿಷಿಗೊಂದು, ಕನ್ನಡದಂಥ ಲಿಪಿಗಳಿಗೊಂದು ಎಂದು ಎರಡು ಫಾಂಟುಗಳನ್ನು ಬೇರೆಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ. ‘ಟೂಲ್ಸ್’ ಒಳಗಿನ ‘ಆಪ್ಷನ್ಸ್’ನಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎದುರು ಕನ್ನಡವನ್ನು ಆರಿಸಿ, ಆಮೇಲೆ ಶೈಲಿಯ ಕಿಟಕಿಯಲ್ಲಿ ಕನ್ನಡದ ಫಾಂಟಿಗೂ ಗಾತ್ರ ಕೊಡಿ.

ಪ್ರಶ್ನೆ: ಪರಿಚಯವಿಲ್ಲದ ಖರೀದಿದಾರರ ಹೆಸರಿನಲ್ಲಿ ಎಕ್ಸೆಲ್ ಬಿಲ್ಲೊಂದು ಇಮೇಲಿಗೆ ಬಂದಿದೆ. ತೆರೆದರೆ ‘ಎನೇಬಲ್ ಕಂಟೆಂಟ್’ ಒತ್ತಿ ಎನ್ನುತ್ತದೆ. ಒತ್ತಬೇಕೇ?
— ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕಿಗ, ಬ್ಯಾಡಗಿ

ಉತ್ತರ: ಒತ್ತಬೇಡಿ. ಬಿಲ್ಲು ಓದುವುದಕ್ಕೆ ಮ್ಯಾಕ್ರೋ ಬೇಕಾಗಿಲ್ಲ. ಆ ಗುಂಡಿ ಒತ್ತುವುದೆಂದರೆ ಕಡತದೊಳಗೆ ಅಡಗಿರುವ ಪ್ರೋಗ್ರಾಂ ಓಡಲಿ ಎಂದು ಅಪ್ಪಣೆ ಕೊಡುವುದು. 1999ರಲ್ಲಿ ಜಗತ್ತಿನ ಇಮೇಲ್ ವ್ಯವಸ್ಥೆಗಳನ್ನು ಕಂಗೆಡಿಸಿದ ಮೆಲಿಸ್ಸಾ ವೈರಸ್ ವರ್ಡ್ ಕಡತದ ಮ್ಯಾಕ್ರೋ ಆಗಿಯೇ ಹರಡಿತು. ಅಂತರ್ಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ತಾನಾಗಿ ತಡೆಯತೊಡಗಿದ್ದು 2022ರಲ್ಲಿ. ಈಗಲೂ ಆ ಗುಂಡಿ ಕಾಣುತ್ತಿದೆಯೆಂದರೆ ನಿಮ್ಮ ಆಫೀಸ್ ಹಳೆಯದಿರಬೇಕು, ಅದನ್ನು ಬದಲಿಸಿ. ಕಳಿಸಿದವರಿಗೆ ಇಮೇಲಿನಲ್ಲಿ ಕೊಟ್ಟಿರುವ ಸಂಖ್ಯೆಗಲ್ಲ, ನೀವೇ ವಿಚಾರಿಸಿ ತಿಳಿದುಕೊಂಡ ಸಂಖ್ಯೆಗೆ ಫೋನ್ ಮಾಡಿ ಕೇಳಿ. ಈಗಾಗಲೇ ಒತ್ತಿದ್ದರೆ ಅಂತರ್ಜಾಲದ ಸಂಪರ್ಕ ಕಿತ್ತು, ಬೇರೆ ಯಂತ್ರದಿಂದ ಬ್ಯಾಂಕಿನ ಗುಪ್ತಪದಗಳನ್ನು ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ನಿವೃತ್ತನಾದ ಮೇಲೆ ನನ್ನ ಊರಿನ ನೆನಪುಗಳನ್ನು ಬರೆದಿಡುತ್ತಿದ್ದೇನೆ. ಇಪ್ಪತ್ತು ವರ್ಷ ಕಳೆದರೂ ಮೊಮ್ಮಕ್ಕಳು ತೆರೆದು ಓದುವಂತಿರಬೇಕು. ಯಾವ ರೂಪದಲ್ಲಿ ಉಳಿಸಲಿ?
— ನಿವೃತ್ತ ಅಂಚೆ ನೌಕರ, ರಾಣೆಬೆನ್ನೂರು

ಉತ್ತರ: ಯೂನಿಕೋಡ್ ಕನ್ನಡದಲ್ಲಿ ಬರೆದು ಓಡಿಟಿ ರೂಪದಲ್ಲಿ ಉಳಿಸಿ. ಅದು 2006ರಲ್ಲಿ ಅಂತರರಾಷ್ಟ್ರೀಯ ಮಾನಕವೆಂದು ಅಂಗೀಕೃತವಾದ ಓಪನ್‌ಡಾಕ್ಯುಮೆಂಟ್ ಎಂಬ ಮುಕ್ತ ರೂಪ. ಅದರ ರಚನೆ ಬಹಿರಂಗವಾಗಿದೆ, ಯಾವ ಒಂದು ಕಂಪನಿಯ ಅಳಿವು ಉಳಿವಿಗೂ ಕಟ್ಟುಬಿದ್ದಿಲ್ಲ. ಪ್ರತಿ ಅಧ್ಯಾಯ ಮುಗಿದಾಗ ಲಿಬ್ರೆಆಫೀಸ್‌ನಿಂದ ಪಿಡಿಎಫ್ ಕೂಡ ತೆಗೆಯಿರಿ. ಆಗ ಬರುವ ಕಿಟಕಿಯಲ್ಲಿ ದೀರ್ಘಕಾಲ ಕಾಪಿಡುವುದಕ್ಕೆಂದೇ ಇರುವ ‘ಪಿಡಿಎಫ್-ಎ’ ಎಂಬುದಕ್ಕೆ ಗುರುತು ಹಾಕಿದರೆ ಫಾಂಟುಗಳು ಕಡತದೊಳಗೇ ಸೇರಿಕೊಳ್ಳುತ್ತವೆ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಪೆನ್‌ಡ್ರೈವ್‌ನಲ್ಲಿ, ಮೂರನೆಯದು ಬೇರೆ ಊರಿನಲ್ಲಿರುವ ಮಕ್ಕಳ ಮನೆಯಲ್ಲಿರಲಿ.

ಅಷ್ಟು ವರ್ಷಗಳಾದ ಮೇಲೆ ಯಾವ ಆಫೀಸ್ ತಂತ್ರಾಂಶವೂ ಸಿಗದಿದ್ದರೆ ಎಂದು ನೀವು ಕೇಳಿದ್ದೀರಿ. ಇದನ್ನು ಈಗಲೇ ಒಮ್ಮೆ ಮಾಡಿ ನೋಡಿ. ಓಡಿಟಿ ಕಡತದ ಒಂದು ಪ್ರತಿ ಮಾಡಿ, ಹೆಸರಿನ ಕೊನೆಯಲ್ಲಿರುವ ಓಡಿಟಿಯನ್ನು ಜಿಪ್ ಎಂದು ಬದಲಿಸಿ ತೆರೆಯಿರಿ. ಒಳಗೆ ‘ಕಂಟೆಂಟ್’ ಎಂಬ ಹೆಸರಿನ ಕಡತವಿರುತ್ತದೆ. ಅದನ್ನು ಹೊರಗೆಳೆದು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಗುರುತುಚಿಹ್ನೆಗಳ ನಡುನಡುವೆ ನಿಮ್ಮ ವಾಕ್ಯಗಳೆಲ್ಲ ನೀವು ಬರೆದಂತೆಯೇ, ಕನ್ನಡದಲ್ಲೇ ಕಾಣಿಸುತ್ತವೆ.